ಮಳೆ ಹಿಡಿಯಿತು, ಮೊಟ್ಟೆ ಬಂತು: ಆಕ್ಸೊಲಾಟಲ್ ಮರಿಗಳಿಗೆ ಮನೆ ಎಲ್ಲಿದೆ?

ಹೋದ ವರ್ಷ ಜೂನ್ ತಿಂಗಳು. ಶಿವಮೊಗ್ಗದಲ್ಲಿ ಮಳೆ ಹಿಡಿದು ಮೂರು ದಿನ ಆಗಿತ್ತು. ಬೆಳಿಗ್ಗೆ ಆರೂವರೆಗೆ ಅಕ್ಕನ ಮಗನ ಫೋನ್ ಬಂತು. "ಮಾಮ, ಟ್ಯಾಂಕ್ ತುಂಬ ಸಾಬೂದಾನಿ ತರ ಏನೋ ಅಂಟಿಕೊಂಡಿದೆ. ಒಂದ್ಸಲ ಬನ್ನಿ."

ವಿನೋಬನಗರದ ಅವರ ಮನೆಗೆ ಹೋಗಿ ನೋಡಿದೆ. ಅವು ಮೊಟ್ಟೆಗಳು. ನೀರಿನ ಗಿಡದ ಎಲೆ ಎಲೆಗೂ ಅಂಟಿದ್ದವು. ಫಿಲ್ಟರಿನ ಪೈಪಿಗೆ, ಥರ್ಮಾಮೀಟರಿನ ವೈರಿಗೆ, ಗಾಜಿನ ಮೂಲೆಗೂ ಅಂಟಿದ್ದವು. ಒಂದೊಂದಕ್ಕೂ ದಪ್ಪನೆಯ ಲೋಳೆಯ ಹೊದಿಕೆ, ನಡುವೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆ. ಕೂತು ಎಣಿಸೋಕೆ ಶುರು ಮಾಡಿದೆವು. ಇನ್ನೂರು ದಾಟಿದಾಗ ಗಿಡದ ಅರ್ಧ ಭಾಗವೂ ಮುಗಿದಿರಲಿಲ್ಲ. ಎಣಿಸೋದು ಬಿಟ್ಟೆವು. ನಾನೂರು ಇರಬಹುದು ಅಂತ ಅಂದಾಜು.

ಟ್ಯಾಂಕಿನಲ್ಲಿ ಇದ್ದದ್ದು ಎರಡೇ ಎರಡು ಆಕ್ಸೊಲಾಟಲ್. ಮೆಕ್ಸಿಕೋ ಮೂಲದ, ಕಪ್ಪೆಗಳ ಬಳಗಕ್ಕೆ ಸೇರಿದ ನೀರಿನ ಜೀವಿ. ಬೆಂಗಳೂರಿನ ಒಂದು ಅಂಗಡಿಯಿಂದ ತಂದವು. ತರುವಾಗ ಬೆರಳಿನಷ್ಟು ಉದ್ದ ಇದ್ದವು. "ಎರಡೂ ಗಂಡು, ಧೈರ್ಯವಾಗಿ ಒಟ್ಟಿಗೆ ಬಿಡಿ" ಅಂದಿದ್ದರಂತೆ.

ಈ ಕಥೆ ಒಂದು ಮನೆಯದಲ್ಲ. 2021ರಲ್ಲಿ ಮೈನ್‌ಕ್ರಾಫ್ಟ್ ಆಟದೊಳಗೆ ಈ ಪ್ರಾಣಿ ಬಂತು. ಆಮೇಲೆ ಮೊಬೈಲಿನಲ್ಲಿ ಆಟ ಆಡುವ ಮಕ್ಕಳಿಗೆಲ್ಲ ಇದರ ನಗುಮುಖ ಗೊತ್ತಾಯಿತು. ತಲೆಯ ಎರಡೂ ಕಡೆ ಗರಿಯಂಥ ಕಿವಿರು, ಪುಟ್ಟ ಕೈಕಾಲು, ಯಾವಾಗಲೂ ನಗುತ್ತಿರುವಂತೆ ಕಾಣುವ ಬಾಯಿ. ಹುಟ್ಟುಹಬ್ಬಕ್ಕೆ ಕೇಳುವ ಮಕ್ಕಳಿದ್ದಾರೆ, ಕೊಡಿಸುವ ಅಪ್ಪ-ಅಮ್ಮ ಇದ್ದಾರೆ. ಒಂದೇ ಇದ್ದರೆ ಬೇಜಾರಾಗುತ್ತೆ ಪಾಪ ಅಂತ ಜೋಡಿ ತರುತ್ತಾರೆ. ತೊಂದರೆ ಶುರುವಾಗೋದು ಅಲ್ಲಿಂದಲೇ.

ನಮ್ಮ ಊರಿನ ಮಳೆಯೂ ಇದರಲ್ಲಿ ಸೇರಿದೆ. ಆಕ್ಸೊಲಾಟಲ್ ತಂಪು ನೀರಿನ ಜೀವಿ. 16ರಿಂದ 18 ಡಿಗ್ರಿ ಇದ್ದರೆ ಹಾಯಾಗಿರುತ್ತದೆ. 24 ದಾಟಿದರೆ ಒದ್ದಾಡುತ್ತದೆ. ಶಿವಮೊಗ್ಗದ ಏಪ್ರಿಲ್ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಟ್ಯಾಂಕಿಗೆ ಫ್ಯಾನ್ ಕಟ್ಟಿ, ಐಸ್ ಬಾಟಲಿ ತೇಲಿಬಿಟ್ಟು ಹೇಗೋ ಬೇಸಿಗೆ ಕಳೆಯುತ್ತೇವೆ. ಆಮೇಲೆ ಮಳೆ ಹಿಡಿಯುತ್ತದೆ. ಎರಡು-ಮೂರು ದಿನದಲ್ಲಿ ನೀರು ನಾಲ್ಕೈದು ಡಿಗ್ರಿ ಇಳಿಯುತ್ತದೆ. ಬೆಳಕೂ ಕಮ್ಮಿಯಾಗುತ್ತದೆ. ಬೇಕೆಂದೇ ಮರಿ ಮಾಡಿಸುವವರು ಇದೇ ಉಪಾಯ ಮಾಡುತ್ತಾರೆ. ಸ್ವಲ್ಪ ದಿನ ಬೆಚ್ಚಗಿಟ್ಟು, ಆಮೇಲೆ ನೀರನ್ನು ತಂಪು ಮಾಡುತ್ತಾರೆ. ಮಲೆನಾಡಿನಲ್ಲಿ ಆ ಕೆಲಸವನ್ನು ಮುಂಗಾರೇ ಮಾಡಿಕೊಡುತ್ತದೆ. ಜೋಡಿ ಸಾಕಿದವರ ಮನೆಯಲ್ಲಿ ಮಳೆ ಶುರುವಾದ ಹೊತ್ತಿಗೆ ಮೊಟ್ಟೆ ಕಂಡರೆ ಅದು ಆಕಸ್ಮಿಕ ಅಲ್ಲ.

ಗಂಡೋ ಹೆಣ್ಣೋ ಗೊತ್ತಾಗೋದು ಯಾವಾಗ?

ಅಂಗಡಿಯಲ್ಲಿ ಸಿಗುವ ಮೂರು ಇಂಚಿನ ಮರಿ ಗಂಡೋ ಹೆಣ್ಣೋ ಅಂತ ಕಣ್ಣಲ್ಲಿ ನೋಡಿ ಯಾರೂ ಹೇಳಲಾರರು. ಗಂಡಿನ ಹಿಂಗಾಲುಗಳ ಹಿಂದೆ, ಬಾಲದ ಬುಡದಲ್ಲಿ ಊದಿಕೊಂಡಂತೆ ಒಂದು ಉಬ್ಬು ಬರುತ್ತದೆ. ಅದು ಕಾಣಿಸೋಕೆ ಸಾಮಾನ್ಯವಾಗಿ ಎಂಟು ತಿಂಗಳಿಂದ ಒಂದು ವರ್ಷ ಬೇಕು. ಕೆಲವಕ್ಕೆ ಇನ್ನೂ ತಡ. ಆದರೆ ಆರು ತಿಂಗಳಿಗೇ ಬೆದೆಗೆ ಬರುವ ಪ್ರಾಣಿಗಳೂ ಇವೆ. ಅಂದರೆ ನಮಗೆ ಗೊತ್ತಾಗುವ ಮೊದಲೇ ಅವಕ್ಕೆ ಗೊತ್ತಾಗಿರುತ್ತದೆ. "ಎರಡೂ ಗಂಡು" ಅಂತ ಅಂಗಡಿಯವರು ಕೊಡುವ ಗ್ಯಾರಂಟಿಗೆ ಬೆಲೆ ಇಲ್ಲ.

ಕೂಡುವ ರೀತಿಯೂ ನಾವು ಅಂದುಕೊಂಡ ಹಾಗಿಲ್ಲ. ಗಂಡು ಟ್ಯಾಂಕಿನ ತಳದಲ್ಲಿ ಅಲ್ಲಲ್ಲಿ ಪುಟ್ಟ ಲೋಳೆಯ ಗೋಪುರ ಇಟ್ಟು ಹೋಗುತ್ತದೆ. ಅದರ ತುದಿಯಲ್ಲಿ ಬಿಳಿ ಬಿಂದು, ಅದರೊಳಗೆ ವೀರ್ಯ. ಹೆಣ್ಣು ಅದರ ಮೇಲೆ ಹಾದುಹೋಗುವಾಗ ಮೈಯೊಳಗೆ ಎಳೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಶುರು. ತಳದಲ್ಲಿ ಇಂಥ ಬಿಳಿ ತುದಿಯ ಲೋಳೆ ಕಂಡರೆ ಅದೇ ಮುನ್ಸೂಚನೆ. ಅಕ್ಕನ ಮಗ ಅದನ್ನು ನೋಡಿದ್ದನಂತೆ. ತಿಂದುಳಿದ ಊಟ ಇರಬೇಕು ಅಂತ ಸುಮ್ನಾಗಿದ್ದ. ಟ್ಯಾಂಕಿನ ನಡುವೆ ಜಾಲರಿ ಇಟ್ಟರೆ ಸಾಕು ಅನ್ನುವವರಿಗೂ ಈ ಮಾತು ಹೇಳಬೇಕು. ಗಂಡು ಒಂದು ರಾತ್ರಿ ಸಂದಿಯಲ್ಲಿ ನುಸುಳಿದರೆ ಸಾಕು, ಕೆಲಸ ಆಗಿಹೋಗುತ್ತದೆ. ಬೇರೆ ಮಾಡೋದು ಅಂದರೆ ಬೇರೆ ಟ್ಯಾಂಕ್, ಬೇರೆ ನೀರು.

ಒಂದು ಸಲಕ್ಕೆ ನೂರರಿಂದ ಸಾವಿರದವರೆಗೆ ಮೊಟ್ಟೆ ಇಡುತ್ತದೆ. ಕೆರೆಯಲ್ಲಿ ಇದಕ್ಕೆ ಅರ್ಥ ಇದೆ. ಅಲ್ಲಿ ಮೀನು ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ, ಹುಳ ತಿನ್ನುತ್ತದೆ. ನೂರರಲ್ಲಿ ಒಂದೋ ಎರಡೋ ಉಳಿದರೆ ವಂಶ ಮುಂದುವರಿಯುತ್ತದೆ. ಗಾಜಿನ ಟ್ಯಾಂಕಿನಲ್ಲಿ ತಿನ್ನುವವರು ಯಾರೂ ಇಲ್ಲ. ಕೆರೆ ಮಾಡುತ್ತಿದ್ದ ಕೆಲಸ ಸಾಕುವವರ ತಲೆಗೆ ಬೀಳುತ್ತದೆ.

ಹೆಣ್ಣಿನ ಕಡೆಯಿಂದಲೂ ನೋಡಬೇಕು ಅಲ್ವಾ? ನೂರಾರು ಮೊಟ್ಟೆ ಅಂದರೆ ಅದರ ಮೈಯ ಸಾರವೆಲ್ಲ ಇಳಿದ ಹಾಗೆ. ಹೊಟ್ಟೆ ಬತ್ತಿ, ಬೆನ್ನಿನ ಮೂಳೆ ಕಾಣುತ್ತದೆ. ಅದೇ ಟ್ಯಾಂಕಿನಲ್ಲಿ ಗಂಡು ಇದ್ದರೆ ಮತ್ತೆ ಮತ್ತೆ ಹಿಂದೆ ಬೀಳುತ್ತದೆ, ಮತ್ತೆ ಮೊಟ್ಟೆ. ಬಲ್ಲವರು ಒಂದೂವರೆ ವರ್ಷ ತುಂಬುವ ಮೊದಲು ಹೆಣ್ಣನ್ನು ಗಂಡಿನ ಜೊತೆ ಬಿಡುವುದಿಲ್ಲ. ಒಂದು ಸಲ ಮೊಟ್ಟೆ ಇಟ್ಟ ಮೇಲೆ ಕನಿಷ್ಠ ಆರು ತಿಂಗಳು ಬಿಡುವು ಕೊಡುತ್ತಾರೆ. ಬಾಣಂತನ ಅಂದರೆ ಏನು ಅಂತ ಗೊತ್ತಿರುವ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳೋ ಅಗತ್ಯ ಇಲ್ಲ.

ನಾವು ಎಲ್ಲವನ್ನೂ ಸಾಕಲು ಹೊರಟೆವು

ಆ ದಿನ ನಾನು, ಹೆಚ್ಚಿನ ಮೊಟ್ಟೆಗಳನ್ನು ಈಗಲೇ ತೆಗೆದುಬಿಡೋಣ ಅಂದೆ. ಅಕ್ಕ ಒಪ್ಪಲಿಲ್ಲ. "ಮನೆಯಲ್ಲಿ ಹುಟ್ಟೋ ಜೀವನ ಕೈಯಾರೆ ಕೊಲ್ಲೋದಾ? ಬೇಡ ಕಣೋ, ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?" ಅಂದಳು. ಅವಳ ಮಾತಿಗೆ ಎದುರಾಡಲು ನನಗೂ ಮನಸ್ಸು ಬರಲಿಲ್ಲ. ಬಿಟ್ಟೆವು.

ಎರಡೂವರೆ ವಾರಕ್ಕೆ ಮರಿ ಹೊರಬಂದವು. ಸೆಂಟಿಮೀಟರ್ ಉದ್ದ, ಗಾಜಿನ ಚೂರಿನ ಹಾಗೆ ಪಾರದರ್ಶಕ. ಎರಡು-ಮೂರು ದಿನ ಮೈಯಲ್ಲೇ ಇರುವ ಮೊಟ್ಟೆಯ ಹಳದಿ ಕರಗುವವರೆಗೆ ಊಟ ಬೇಡ. ಆಮೇಲೆ ಬೇಕು, ಅದೂ ಜೀವಂತ ಊಟವೇ ಬೇಕು. ಅಲುಗಾಡದೇ ಇದ್ದರೆ ಅದು ಊಟ ಅಂತ ಅವಕ್ಕೆ ಗೊತ್ತಾಗುವುದಿಲ್ಲ. ಬ್ರೈನ್ ಶ್ರಿಂಪ್ ಅನ್ನುವ ಉಪ್ಪುನೀರಿನ ಸೂಕ್ಷ್ಮ ಸಿಗಡಿಯ ಮೊಟ್ಟೆ ತರಿಸಿ, ಬಾಟಲಿಯಲ್ಲಿ ಉಪ್ಪುನೀರು ಹಾಕಿ, ಏರ್ ಪಂಪ್ ಬಿಟ್ಟು, ದಿನಾ ಹೊಸ ಹೊಸದಾಗಿ ಮರಿ ಮಾಡಿಸಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಉಳಿದದ್ದು ಸತ್ತು ನೀರು ಕೆಡುತ್ತದೆ. ಹಾಗಾಗಿ ದಿನಾ ನೀರು ಬದಲಾಯಿಸಬೇಕು. ಅಕ್ಕನ ಮಗನಿಗೆ ಪಿಯುಸಿ ಎರಡನೇ ವರ್ಷ. ಕಾಲೇಜಿಗೆ ಹೋಗುವ ಮುಂಚೆ ಹದಿನಾಲ್ಕು ಡಬ್ಬದ ನೀರು ಬದಲಾಯಿಸಿ ಹೋಗುತ್ತಿದ್ದ.

ಮೂರನೇ ವಾರಕ್ಕೆ ಒಂದನ್ನೊಂದು ಕಚ್ಚತೊಡಗಿದವು. ಈ ವಯಸ್ಸಿನ ಮರಿಗಳಿಗೆ ಪಕ್ಕದಲ್ಲಿ ಅಲುಗಾಡುವುದೆಲ್ಲ ಊಟವೇ. ತಮ್ಮನ ಕಾಲು, ಅಕ್ಕನ ಕಿವಿರು ಅನ್ನುವ ಭೇದ ಇಲ್ಲ. ಸಂಜೆ ಬಿಳಿ ಬೋಗುಣಿಗೆ ಹಾಕಿ ನೋಡಿದರೆ ಮುಂಗಾಲಿಲ್ಲದವು, ಬಾಲದ ತುದಿ ಇಲ್ಲದವು, ಒಂದು ಕಡೆಯ ಕಿವಿರು ಪೂರ್ತಿ ಹೋದವು. ಕಾಲು ಮತ್ತೆ ಬೆಳೆಯುತ್ತೆ ಬಿಡಿ ಅಂತ ಹಲವರು ಸಮಾಧಾನ ಹೇಳಿದರು. ಬೆಳೆಯುವುದು ನಿಜ. ಕಾಲು, ಬಾಲ, ಬೆನ್ನುಹುರಿಯ ತುಂಡನ್ನೂ ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಇದಕ್ಕಿದೆ. ಲ್ಯಾಬುಗಳು ಇದರ ಹಿಂದೆ ಬಿದ್ದಿರುವುದೇ ಅದಕ್ಕೆ. ಆದರೆ ಬೆಳೆಯುತ್ತಿರುವ ಕಾಲನ್ನೇ ಮತ್ತೆ ಕಚ್ಚಿದರೆ ವಕ್ರವಾಗಿ ಬೆಳೆಯುತ್ತದೆ, ಬೆರಳು ಹೆಚ್ಚು-ಕಮ್ಮಿ ಆಗುತ್ತದೆ. ಗಾಯಕ್ಕೆ ಬೂಷ್ಟು ಹಿಡಿದರೆ ಸಾಯುತ್ತದೆ. ಮತ್ತೆ ಬೆಳೆಯುತ್ತದೆ ಅಂದ ಮಾತ್ರಕ್ಕೆ ನೋವೇ ಇಲ್ಲ ಅಂದುಕೊಳ್ಳಬಾರದು.

ಎರಡು ತಿಂಗಳಿಗೆ ಉಳಿದದ್ದು ಅರವತ್ತು ಚಿಲ್ಲರೆ. ಅಂದರೆ ಮುನ್ನೂರಕ್ಕೂ ಹೆಚ್ಚು ಮರಿಗಳು ನಮ್ಮ ಕಣ್ಣೆದುರಿಗೇ ಸತ್ತವು. ಹಸಿವಿನಿಂದ, ಕಚ್ಚಾಟದಿಂದ, ಕೆಟ್ಟ ನೀರಿನಿಂದ. ಮೊಟ್ಟೆಯಲ್ಲೇ ತೆಗೆಯುವುದು ಪಾಪ ಅಂತ ಬಿಟ್ಟದ್ದಕ್ಕೆ ಸಿಕ್ಕ ಫಲ ಇದು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಉಳಿದವನ್ನು ಸಾಕೋಣ ಅಂದರೂ ಲೆಕ್ಕ ಕೂಡಿಬರುವುದಿಲ್ಲ. ಬೆಳೆದ ಒಂದು ಆಕ್ಸೊಲಾಟಲ್‌ಗೆ ಸುಮಾರು 75 ಲೀಟರ್ ನೀರು ಬೇಕು. ಅರವತ್ತಕ್ಕೆ 4,500 ಲೀಟರ್. ಮುನ್ನೂರು ಉಳಿದಿದ್ದರೆ 22,500 ಲೀಟರ್. ಮನೆಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಇಪ್ಪತ್ತೆರಡೂವರೆ ಬೇಕಾಗುತ್ತಿತ್ತು. ಅದೂ ಹತ್ತರಿಂದ ಹದಿನೈದು ವರ್ಷ, ಏಕೆಂದರೆ ಚೆನ್ನಾಗಿ ಸಾಕಿದರೆ ಅಷ್ಟು ವರ್ಷ ಬದುಕುತ್ತವೆ. ಬೇಸಿಗೆಯಲ್ಲಿ ಅಷ್ಟೂ ನೀರನ್ನು ತಂಪಾಗಿಡಬೇಕು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಫಿಲ್ಟರ್ ನಿಲ್ಲುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಎರಡು ದಿನ ಕರೆಂಟ್ ಇಲ್ಲದೇ ಇರುವುದು ಹೊಸ ಮಾತೇನಲ್ಲ.

ಊಟದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಎಚ್ಚರ ಹೇಳಲೇಬೇಕು. ದೊಡ್ಡ ಮರಿಗಳಿಗೆ ಎರೆಹುಳಕ್ಕಿಂತ ಒಳ್ಳೆಯ ಊಟ ಇಲ್ಲ. ಅಡಿಕೆ ತೋಟದಲ್ಲಿ ಬೇಕಾದಷ್ಟು ಇವೆ ಅಂತ ಅಗೆದು ತಂದು ಹಾಕುತ್ತಾರೆ. ಆದರೆ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತದ್ದು, ಅಂದರೆ ತಾಮ್ರದ್ದು. ನೀರಿನ ಜೀವಿಗಳಿಗೆ, ಅದರಲ್ಲೂ ಆಕ್ಸೊಲಾಟಲ್‌ನಂಥ ತೆಳು ಚರ್ಮದವಕ್ಕೆ, ತಾಮ್ರ ವಿಷ. ವರ್ಷ ವರ್ಷ ಹೊಡೆದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಎರೆಹುಳದ ಹೊಟ್ಟೆಯಲ್ಲೂ ಇರುತ್ತದೆ. ಔಷಧಿ ಬೀಳದ ಜಾಗದ ಎರೆಹುಳ ಮಾತ್ರ ಕೊಡಿ.

ತುಂಗೆಗೆ ಬಿಟ್ಟರೆ ಆಯ್ತಲ್ಲ?

ಈ ಮಾತು ನಾನು ಒಬ್ಬರ ಬಾಯಲ್ಲಿ ಕೇಳಿದ್ದಲ್ಲ, ಹಲವರ ಬಾಯಲ್ಲಿ ಕೇಳಿದೆ. ಬೆಕ್ಕಿನ ಮರಿ ಜಾಸ್ತಿಯಾದರೆ ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬರುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ. ಅದೇ ಮನಸ್ಸು ಇಲ್ಲೂ ಕೆಲಸ ಮಾಡುತ್ತದೆ. ನೀರಿನ ಜೀವಿ, ನೀರಿಗೇ ಬಿಟ್ಟರೆ ಬದುಕಿಕೊಳ್ಳುತ್ತದೆ ಅಂತ. ಪುಣ್ಯದ ಕೆಲಸ ಅಂತಲೂ ಅನ್ನಿಸಬಹುದು.

ಈ ಪ್ರಾಣಿಯ ಸ್ವಂತ ಊರಿನಲ್ಲಿ ಏನಾಯಿತು ಅಂತ ತಿಳಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಆಕ್ಸೊಲಾಟಲ್ ಕಾಡಿನ ಸ್ಥಿತಿಯಲ್ಲಿ ಉಳಿದಿರುವುದು ಮೆಕ್ಸಿಕೋ ನಗರದ ಅಂಚಿನ ಸೋಚಿಮಿಲ್ಕೋ ಕಾಲುವೆಗಳಲ್ಲಿ ಮಾತ್ರ. 1998ರಲ್ಲಿ ಅಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು ಅಂತ ಅಂದಾಜು. 2014ರ ಹೊತ್ತಿಗೆ ಅದು 36ಕ್ಕೆ ಇಳಿದಿತ್ತು. ನಗರ ಬೆಳೆದು ನೀರು ಕೊಳಕಾಯಿತು. ಅದರ ಜೊತೆಗೆ ಬಡವರ ಊಟಕ್ಕೆ ಒಳ್ಳೆಯದು ಅಂತ ಹೊರಗಿನಿಂದ ತಂದು ಬಿಟ್ಟ ಎರಡು ಮೀನುಗಳು ಮೊಟ್ಟೆ-ಮರಿಗಳನ್ನು ತಿಂದು ಮುಗಿಸಿದವು. ಒಂದು ಕಾರ್ಪ್, ಇನ್ನೊಂದು ತಿಲಾಪಿಯಾ. ತಿಲಾಪಿಯಾ ಅಂದರೆ ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟದ್ದು. ಅದೂ ಸೇರಿ ಈ ಪ್ರಾಣಿ ಅಳಿವಿನ ಅಂಚಿಗೆ ಬಂತು. ಈಗ ಅದೇ ಪ್ರಾಣಿಯನ್ನು ನಾವು ಒಳ್ಳೆಯ ಮನಸ್ಸಿನಿಂದ ನಮ್ಮ ಹಳ್ಳಕ್ಕೆ ಬಿಡುವುದು ಅಂದರೆ, ಅಲ್ಲಿ ಆದದ್ದನ್ನು ಇಲ್ಲಿ ಮತ್ತೆ ಮಾಡಿದ ಹಾಗೆ.

ಬಯಲಿನ ತುಂಗೆಯಲ್ಲಿ ಬಿಟ್ಟರೆ ಹೆಚ್ಚಿನವು ಬಿಸಿಗೋ ಮೀನಿನ ಬಾಯಿಗೋ ಸಿಕ್ಕಿ ಸಾಯುತ್ತವೆ. ಸತ್ತರೂ ತೊಂದರೆ ತೀರುವುದಿಲ್ಲ. ಕೈಟ್ರಿಡ್ ಅನ್ನುವ ಒಂದು ಶಿಲೀಂಧ್ರ ಇದೆ. ಕಪ್ಪೆಗಳ ಚರ್ಮಕ್ಕೆ ಅಂಟಿ ಕೊಲ್ಲುತ್ತದೆ. ಪ್ರಪಂಚದ ಹಲವು ಕಡೆ ಕಪ್ಪೆಗಳ ವಂಶಗಳನ್ನೇ ಅಳಿಸಿಹಾಕಿದೆ. ಸಾಕುಪ್ರಾಣಿಗಳ ವ್ಯಾಪಾರ ಅದು ಹರಡಿದ ದಾರಿಗಳಲ್ಲಿ ಒಂದು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಕಂಡಿದೆ. ಆಕ್ಸೊಲಾಟಲ್ ತಾನು ಆರೋಗ್ಯವಾಗಿ ಕಾಣುತ್ತಲೇ ಇದನ್ನು ಹೊತ್ತಿರಬಹುದು. ಹೊರದೇಶದ ಸೋಂಕಿನ ಇನ್ನೊಂದು ತಳಿ ಬಂದರೆ ನಮ್ಮವು ತಾಳಿಕೊಳ್ಳುತ್ತವೆ ಅಂತ ಹೇಳಲು ಯಾವ ಆಧಾರವೂ ಇಲ್ಲ.

ನಮ್ಮಲ್ಲಿ ಇರುವುದನ್ನು ನೆನಪಿಸಿಕೊಳ್ಳಿ. ಕೊಟ್ಟಿಗೆಹಾರದ ಕಡೆಯ ನೆರಳಿನ ಹಳ್ಳಗಳಲ್ಲಿ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ಬೀಸುವ ಕುಣಿಯುವ ಕಪ್ಪೆ ಇದೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ ಅಂತ ಕಾಲಿನಿಂದ ಕರೆಯುವ ಜೀವ ಅದು. ತೋಟದ ಮಣ್ಣಿನಡಿ ಎರೆಹುಳದ ಹಾಗೆ ಕಾಣುವ, ಕಾಲೇ ಇಲ್ಲದ, ಕಪ್ಪೆಯ ಬಳಗದ ಸಿಸಿಲಿಯನ್‌ಗಳಿವೆ. ಇವುಗಳಲ್ಲಿ ಹಲವು ಜಾತಿಗಳು ಬೇರೆಲ್ಲೂ ಸಿಗುವುದಿಲ್ಲ. ಟ್ಯಾಂಕಿನ ನೀರನ್ನು ಕೂಡ ಹಳ್ಳಕ್ಕೆ, ಗದ್ದೆಗೆ ಚೆಲ್ಲಬಾರದು ಅಂತ ನಾನು ಹೇಳುವುದು ಇದಕ್ಕೇ. ಬಚ್ಚಲಿನ ಚರಂಡಿಗೆ ಹಾಕಿ.

ಅಳಿವಿನ ಅಂಚಿನ ಪ್ರಾಣಿ, ಜಾಸ್ತಿಯಾದರೆ ಒಳ್ಳೆಯದಲ್ವಾ?

ಇದೂ ಪ್ರಾಮಾಣಿಕ ಪ್ರಶ್ನೆಯೇ. ಅಲ್ಲಿ ಚದರ ಕಿಲೋಮೀಟರಿಗೆ 36, ಇಲ್ಲಿ ಒಂದು ಮನೆಯಲ್ಲಿ 400. ಇವನ್ನೇ ಅಲ್ಲಿಗೆ ಕಳಿಸಬಾರದಾ?

ಸಾಕುವ ಆಕ್ಸೊಲಾಟಲ್‌ಗಳ ಮೂಲ ನೋಡಿದರೆ ಉತ್ತರ ಸಿಗುತ್ತದೆ. 1864ರಲ್ಲಿ ಮೆಕ್ಸಿಕೋದಿಂದ ಪ್ಯಾರಿಸ್‌ಗೆ 34 ಆಕ್ಸೊಲಾಟಲ್ ಬಂದವು. ಅವುಗಳಲ್ಲಿ ಆರು ಅಲ್ಲಿನ ಸಸ್ಯೋದ್ಯಾನದ ಮ್ಯೂಸಿಯಂನ ಆಗಸ್ಟ್ ಡ್ಯುಮೆರಿಲ್ ಎಂಬ ವಿಜ್ಞಾನಿಯ ಕೈಗೆ ಸೇರಿದವು. ಐದು ಗಂಡು, ಒಂದು ಹೆಣ್ಣು. ಮರುವರ್ಷ ಅವು ಮೊಟ್ಟೆ ಇಟ್ಟವು. ಮರಿಗಳು ಕೈ ಮೀರಿ ಹೆಚ್ಚಿದವು. ಡ್ಯುಮೆರಿಲ್ ಯುರೋಪಿನ ಲ್ಯಾಬುಗಳಿಗೆಲ್ಲ ಹಂಚಿದರು. ಇವತ್ತಿನ ಸಾಕು ಆಕ್ಸೊಲಾಟಲ್‌ಗಳ ಬೇರು ಬಹುಪಾಲು ಅಲ್ಲಿದೆ. ಹಂಚುವ ಕಥೆ ಮೊದಲ ದಿನದಿಂದಲೇ ಶುರುವಾಗಿತ್ತು ಅಂತ ಓದಿದಾಗ ನನಗೆ ನಮ್ಮ ಹದಿನಾಲ್ಕು ಡಬ್ಬಗಳು ನೆನಪಾದವು.

ಬೇರು ಅಷ್ಟು ಕಿರಿದಾಗಿದ್ದ ಮೇಲೆ ಒಳಗೊಳಗೇ ಸಂಬಂಧ ಬೆಳೆದದ್ದು ಸಹಜ. 1962ರಲ್ಲಿ ಆಲ್ಬಿನೋ, ಅಂದರೆ ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ ತಳಿಗಾಗಿ ಟೈಗರ್ ಸಲಮಾಂಡರ್ ಅನ್ನುವ ಬೇರೆಯೇ ಜಾತಿಯ ಜೊತೆ ಬೆರಕೆಯನ್ನೂ ಮಾಡಿದರು. ಅಂಗಡಿಯಲ್ಲಿ ಸಿಗುವ ಗುಲಾಬಿ, ಚಿನ್ನದ ಬಣ್ಣದ ಮರಿಗಳಿಗೂ ಸೋಚಿಮಿಲ್ಕೋದ ಕಂದು ಆಕ್ಸೊಲಾಟಲ್‌ಗೂ ಇರುವ ದೂರ ಚಿಕ್ಕದಲ್ಲ. ಒಂದೇ ಮೊಟ್ಟೆಯ ಗೊಂಚಲಿನ ಅಣ್ಣ-ತಂಗಿಯರನ್ನು ಜೋಡಿ ಅಂತ ಮಾರುವ ನಮ್ಮ ವ್ಯಾಪಾರ ಆ ದೂರವನ್ನು ಇನ್ನೂ ಹೆಚ್ಚಿಸುತ್ತಿದೆ.

ನಿಜವಾದ ಉಳಿಸುವ ಕೆಲಸ ಬೇರೆ ರೀತಿ ನಡೆಯುತ್ತಿದೆ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೋಚಿಮಿಲ್ಕೋದ ರೈತರ ಜೊತೆ ಸೇರಿ ಜಿಲೇಬಿ ಮೀನು ಒಳಗೆ ಬರದ ಹಾಗೆ ಕಾಲುವೆಗಳನ್ನು ಜಾಲರಿಯಿಂದ ಕಟ್ಟಿ, ನೀರು ಶುದ್ಧ ಮಾಡಿ, ಆಮೇಲೆ ಪ್ರಾಣಿ ಬಿಡುತ್ತಾರೆ. 2025ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬಿಟ್ಟದ್ದು ಬರೀ 18 ಆಕ್ಸೊಲಾಟಲ್. ಒಂದೊಂದಕ್ಕೂ ರೇಡಿಯೋ ಅಳವಡಿಸಿ ಹಿಂದೆ ಬಿದ್ದು ನೋಡಿದರು. ಮರಿ ಮಾಡಿಸುವುದು ಸುಲಭದ ಭಾಗ. ಬದುಕುವ ಜಾಗ ಮಾಡುವುದೇ ಕಷ್ಟದ್ದು. ನಮ್ಮ ಡಬ್ಬದ ಮರಿಗಳಿಂದ ಅಲ್ಲಿಗೆ ಏನೂ ಸಹಾಯ ಆಗುವುದಿಲ್ಲ.

ಕಾನೂನು

ಮರಿಗಳನ್ನು ಹಂಚಲು ಹೊರಟಾಗಲೇ ನಮಗೆ ಕಾನೂನಿನ ವಿಷಯ ಗೊತ್ತಾದದ್ದು. ಅಂಗಡಿಯಲ್ಲಿ ಯಾರೂ ಒಂದು ಮಾತೂ ಹೇಳಿರಲಿಲ್ಲ. ಆಕ್ಸೊಲಾಟಲ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯ ಪ್ರಾಣಿಗಳು ಈಗ ಆ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿವೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮದ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

ಅಂದರೆ ನಾನೂರು ಮರಿ ಹುಟ್ಟಿಸುವುದು ನಾನೂರು ಜೀವಗಳ ಲೆಕ್ಕ ಕೊಡುವ ಕೆಲಸವೂ ಹೌದು. ಗೆಳೆಯನಿಗೆ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಹಾಕಿ ಕೊಡುವುದೂ ಲೆಕ್ಕಕ್ಕೆ ಬರುತ್ತದೆ. ಮಾರುವ ಹೊತ್ತಿಗೇ ನೋಂದಣಿ ಆಗಬೇಕು, ಬೆಳೆದು ಲಿಂಗ ಗೊತ್ತಾಗುವ ಮೊದಲು ಜೋಡಿಯಾಗಿ ಮಾರಬಾರದು ಅನ್ನುವ ಎರಡು ಷರತ್ತನ್ನು ಅಂಗಡಿಗಳ ಮೇಲೆ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ನಿಲ್ಲುತ್ತದೆ ಅಂತ ನನ್ನ ನಂಬಿಕೆ. ಈಗ ಭಾರವೆಲ್ಲ ಸಾಕುವವನ ಮೇಲಿದೆ. ಅವನು ಬಹಳ ಸಲ ಹದಿನೇಳು ವರ್ಷದ ಹುಡುಗ.

ಹಾಗಾದರೆ ಏನು ಮಾಡೋದು?

ಒಂದೇ ಸಾಕಿ. ಆಕ್ಸೊಲಾಟಲ್ ಗುಂಪಿನ ಪ್ರಾಣಿ ಅಲ್ಲ. ಒಂಟಿಯಾಗಿದ್ದರೆ ಅದಕ್ಕೆ ಬೇಜಾರಾಗುವುದಿಲ್ಲ. ಬೇಜಾರು ಅನ್ನೋದು ನಮ್ಮ ಮನಸ್ಸಿನದ್ದು. ಈಗಾಗಲೇ ಎರಡು ಇದ್ದರೆ, ಉಬ್ಬು ಕಂಡ ದಿನ ಬೇರೆ ಮಾಡಿ. ಕಾಣದಿದ್ದರೂ ಆರು ತಿಂಗಳಿಗೇ ಬೇರೆ ಮಾಡುವುದು ಒಳ್ಳೆಯದು. ನಾಯಿ-ಬೆಕ್ಕಿಗೆ ಇರುವ ಹಾಗೆ ಆಪರೇಷನ್ ಮಾಡಿಸಿ ನಿಶ್ಚಿಂತೆಯಾಗಿರುವ ದಾರಿ ಇಲ್ಲಿ ನಮ್ಮ ಕೈಗೆ ಸಿಗುವುದಿಲ್ಲ. ಇನ್ನೊಂದು ಟ್ಯಾಂಕಿನ ಖರ್ಚೇ ಇಲ್ಲಿನ ಸಂತಾನ ನಿಯಂತ್ರಣ.

ಮೊಟ್ಟೆ ಬಂದೇ ಬಿಟ್ಟರೆ ಮೊದಲ ಎರಡು ದಿನ ಬಹಳ ಮುಖ್ಯ. ಆಗ ಅದು ಬರೀ ದುಂಡನೆಯ ಚುಕ್ಕೆ. ಮೂರನೇ-ನಾಲ್ಕನೇ ದಿನಕ್ಕೆ ಹುರುಳಿ ಕಾಳಿನ ಹಾಗೆ ಉದ್ದವಾಗತೊಡಗುತ್ತದೆ, ನರದ ಗೆರೆ ಮೂಡುತ್ತದೆ. ವಾರ ಕಳೆದರೆ ತಲೆ, ಬಾಲ ಕಾಣುತ್ತದೆ, ಲೋಳೆಯೊಳಗೆ ಮಗ್ಗುಲು ಬದಲಿಸುತ್ತದೆ. ಆದ್ದರಿಂದ ತೆಗೆಯುವುದಾದರೆ ಆ ಎರಡು ದಿನದೊಳಗೇ ತೆಗೆಯಬೇಕು. ಮೊಟ್ಟೆಗಳನ್ನು ಗಿಡದ ಸಮೇತ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ಪೂರ್ತಿ ದಿನಕ್ಕಿಂತ ಹೆಚ್ಚು ಇಟ್ಟು, ಆಮೇಲೆ ಒಣ ಜಾಗದಲ್ಲಿ ಹೂಳಬೇಕು. ಹಳ್ಳಕ್ಕಲ್ಲ, ಸಿಂಕಿಗೂ ಅಲ್ಲ. ಮರಿಯಾದ ಮೇಲೆ ಫ್ರೀಜರ್ ಕ್ರೌರ್ಯ, ಅದನ್ನು ಮಾಡಲೇಬಾರದು. ಆಗ ಪಶುವೈದ್ಯರ ಹತ್ತಿರವೇ ಕೇಳಬೇಕು. ತಾಯಿ-ತಂದೆಯೇ ತಿಂದುಕೊಳ್ಳಲಿ ಅಂತ ಮೊಟ್ಟೆಗಳನ್ನು ಟ್ಯಾಂಕಿನಲ್ಲೇ ಬಿಡುವವರಿದ್ದಾರೆ. ಪೂರ್ತಿ ತಿನ್ನುವುದಿಲ್ಲ. ಹತ್ತಾರು ಉಳಿದೇ ಉಳಿಯುತ್ತವೆ.

ಮರಿ ಬೇಕು ಅಂತಿದ್ದರೆ ಮೊದಲು ಮನೆ ಹುಡುಕಿ, ಆಮೇಲೆ ಮರಿ ಮಾಡಿಸಿ. ಮೂರು ಮನೆಯವರು ಟ್ಯಾಂಕ್ ತೋರಿಸಿ, ಬೇಸಿಗೆಗೆ ಏನು ಏರ್ಪಾಡು ಅಂತ ಹೇಳಿದರೆ ಐದಾರು ಮೊಟ್ಟೆ ಉಳಿಸಿ. ಬೇಕು ಬೇಕು ಅಂತ ಫೋನಿನಲ್ಲಿ ಹೇಳುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮಗೆ ಹಾಗೆ ಹೇಳಿದವರು ಇಪ್ಪತ್ತೆರಡು ಜನ. ಬಂದವರು ನಾಲ್ಕು.

ಹೋದ ಡಿಸೆಂಬರಿನಲ್ಲಿ, ನಾವು ಬೇರೆ ಮಾಡುವ ಮೊದಲೇ, ಚಳಿ ಬಿದ್ದ ವಾರದಲ್ಲಿ ಮತ್ತೆ ಮೊಟ್ಟೆ ಬಂತು. ಈ ಸಲ ಅಕ್ಕನೇ ಟಾರ್ಚ್ ಹಿಡಿದು ಟ್ಯಾಂಕಿನ ಮುಂದೆ ಕೂತಿದ್ದಳು. "ಇನ್ನೂ ಕಣ್ಣು ಮೂಡಿಲ್ಲ ಅಲ್ವಾ?" ಅಂತ ಕೇಳಿದಳು. ಒಂದನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದು ತೋರಿಸಿದೆ. ದುಂಡಗಿತ್ತು, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಫ್ರೀಜರಿನಲ್ಲಿದ್ದ ಹಲಸಿನ ತೊಳೆಯ ಡಬ್ಬ ಒಂದು ಬದಿಗೆ ಸರಿಸಿ ಜಾಗ ಮಾಡಿದಳು.

ಮರುದಿನವೇ ಎರಡನೇ ಟ್ಯಾಂಕ್ ಬಂತು. ಗಂಡು ಹಜಾರದಲ್ಲಿ, ಹೆಣ್ಣು ಹಿತ್ತಿಲ ಕೋಣೆಯಲ್ಲಿ. ಈ ವರ್ಷ ಮಳೆ ಹಿಡಿದ ನಾಲ್ಕನೇ ದಿನ ಹೋಗಿ ನೋಡಿದೆ. ನೀರು 23ರಿಂದ 19ಕ್ಕೆ ಇಳಿದಿತ್ತು. ಹೆಣ್ಣು ಮೈ ತುಂಬಿಕೊಂಡಿತ್ತು, ಬೆನ್ನಿನ ಮೂಳೆ ಕಾಣುತ್ತಿರಲಿಲ್ಲ. ಅಕ್ಕನ ಮಗ ಟಾರ್ಚ್ ಹಾಕಿ ಪೈಪು, ಎಲೆ, ಮೂಲೆ ಎಲ್ಲ ನೋಡಿದ. ಏನೂ ಅಂಟಿರಲಿಲ್ಲ. ಬೆಳಕು ಕಂಡ ಹೆಣ್ಣು ಊಟ ಬಂತು ಅಂದುಕೊಂಡು ನಿಧಾನಕ್ಕೆ ನಡೆಯುತ್ತಾ ಗಾಜಿನ ಹತ್ತಿರ ಬಂತು.